ಸಿರುಗುಪ್ಪದಲ್ಲಿ ನಿಂತ ಕಾರು

ಕಳೆದ ಡಿಸೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಂಬಂಧಿಕರ ಮನೆಯ ನಿಕಾಹ್ ಮುಗಿಸಿಕೊಂಡು ಸಿಂಧನೂರಿಗೆ ಹೊರಟಿದ್ದೆವು. ಅಲ್ಲಿ ನನ್ನ ನಾದಿನಿಗೆ ಹೆರಿಗೆಯಾಗಿ ಹನ್ನೆರಡು ದಿನವಾಗಿತ್ತು. ಮಗುವನ್ನು ನೋಡಲು ಅತ್ತೆಯವರಿಗೆ ಎಲ್ಲಿಲ್ಲದ ಆತುರ. ಕಾರಿನಲ್ಲಿ ನಾವು ನಾಲ್ವರು: ಯಜಮಾನರು, ಅತ್ತೆ, ಕಾಲೇಜಿಗೆ ಹೋಗುವ ಮಗ ಮತ್ತು ನಾನು. ಕಾರಿಗೆ ಹದಿನೇಳು ವರ್ಷ. ಆದರೂ ಅದುವರೆಗೆ ದಾರಿಯಲ್ಲಿ ಕೈಕೊಟ್ಟದ್ದಿಲ್ಲ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿಲೋಮೀಟರ್. ಬಳ್ಳಾರಿ ಎಂದರೆ ಬರೀ ಬಿಸಿಲು, ಬಂಡೆ, ಅದಿರಿನ ಧೂಳು ಎಂದು ತಿಳಿದಿದ್ದ ನನಗೆ ಆ ರಸ್ತೆ ಅಚ್ಚರಿ ತಂದಿತು. ಮುಂದೆ ಹೋದಂತೆ ಎರಡೂ ಬದಿಗಳಲ್ಲಿ ಭತ್ತದ ಗದ್ದೆಗಳು. ಕೆಲವೆಡೆ ಕಟಾವು ನಡೆದಿತ್ತು, ಕೆಲವೆಡೆ ರಸ್ತೆಯ ಅಂಚಿನಲ್ಲೇ ಭತ್ತ ಹರವಿ ಒಣಗಿಸುತ್ತಿದ್ದರು. ತುಂಗಭದ್ರೆಗೆ ಸಣ್ಣ ಅಣೆಕಟ್ಟುಗಳನ್ನು ಕಟ್ಟಿ ಇಲ್ಲಿಗೆ ಕಾಲುವೆ ತಂದದ್ದು ವಿಜಯನಗರದ ಅರಸರ ಕಾಲದಲ್ಲಿ. 1953ರಲ್ಲಿ ಹೊಸಪೇಟೆಯ ಬಳಿ ದೊಡ್ಡ ಅಣೆಕಟ್ಟು ಮುಗಿದ ಮೇಲೆ ನೀರು ಇನ್ನಷ್ಟು ಹೊಲಗಳಿಗೆ ಹರಿಯಿತು. ಸಿರುಗುಪ್ಪ ಎಂದರೆ ಸಿರಿಯ ಗುಪ್ಪೆ, ಸಂಪತ್ತಿನ ರಾಶಿ ಎಂದು ಅರ್ಥ ಹೇಳುತ್ತಾರೆ. ಆ ಭತ್ತದ ರಾಶಿಗಳನ್ನು ನೋಡಿದರೆ ಹೆಸರು ಸುಳ್ಳೆನಿಸುವುದಿಲ್ಲ.

ದಾರಿಯಲ್ಲಿ ತೆಕ್ಕಲಕೋಟೆ ಸಿಗುತ್ತದೆ. 1963ರಿಂದ 1965ರವರೆಗೆ ಇಲ್ಲಿನ ಗುಡ್ಡಗಳಲ್ಲಿ ಉತ್ಖನನ ನಡೆದು, ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಬಾಳಿದ ಜನರ ಕುರುಹುಗಳು ದೊರೆತವು. ಕಲ್ಲನ್ನು ಉಜ್ಜಿ ಉಜ್ಜಿ ನಯ ಮಾಡಿ ಕೊಡಲಿ ತಯಾರಿಸುತ್ತಿದ್ದ ಜನ ಅವರು. ಇದೇ ತಾಲೂಕಿನ ನಿಟ್ಟೂರು ಮತ್ತು ಉಡೇಗೋಳಂಗಳಲ್ಲಿ ಅಶೋಕನ ಹೆಸರಿರುವ ಶಾಸನಗಳಿವೆ. ಮಗನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಎಂದೂ ಬಾಯಿ ಮುಚ್ಚದ ಹುಡುಗ ಆ ದಿನ ಏಕೋ ಸುಮ್ಮನಿದ್ದ.

ತೆಕ್ಕಲಕೋಟೆ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಕಾರು ಒಮ್ಮೆಲೇ ಜಗ್ಗತೊಡಗಿತು. ಎಂಜಿನ್ ಗಡಗಡ ನಡುಗಿತು. ಮುಂದಿನ ಫಲಕದಲ್ಲಿ ಹಳದಿ ದೀಪ ಮಿನುಗತೊಡಗಿತು. ಅತ್ತೆ ತಸ್ಬೀಹ್ ಹಿಡಿದರು. ಹಾಗೂ ಹೀಗೂ ನಿಧಾನವಾಗಿ ಸಿರುಗುಪ್ಪ ಮುಟ್ಟಿ, ಊರಿನ ಅಂಚಿನಲ್ಲಿ ಕಂಡ ತಗಡಿನ ಗ್ಯಾರೇಜಿನ ಮುಂದೆ ನಿಲ್ಲಿಸಿದೆವು.

ಅರವತ್ತು ದಾಟಿದ ವ್ಯಕ್ತಿಯೊಬ್ಬರು ಸಲಾಮ್ ಹೇಳಿ ಹೊರಬಂದರು. ಅವರ ಕೈಕೆಳಗಿನ ಹುಡುಗರು ಅವರನ್ನು ‘ಉಸ್ತಾದ್’ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಮದ್ರಸದ ಗುರುಗಳಿಗೆ ಹೇಳುವ ಆ ಮಾತು ಈ ಕಡೆ ಕಸುಬಿನ ಗುರುವಿಗೂ ಸಲ್ಲುತ್ತದೆ.

“ಮಿಸ್ಸಿಂಗ್ ಹೊಡಿತೈತ್ರಿ. ನಾಲ್ಕರಾಗ ಒಂದು ಕೆಲಸ ಮಾಡವಲ್ದು” ಎಂದು ಶಬ್ದ ಕೇಳಿಯೇ ಹೇಳಿದರು.

ನಾನು ಬಾನೆಟ್ ಒಳಗೆ ಸರಿಯಾಗಿ ಇಣುಕಿದ್ದು ಅಂದೇ ಮೊದಲು. ಎಂಜಿನ್ನಿನ ತಲೆಯ ಮೇಲೆ ಸಾಲಾಗಿ ನಾಲ್ಕು ಕಪ್ಪು ಕಾಯಿಲ್‌ಗಳು. ಬ್ಯಾಟರಿಯಿಂದ ಬರುವ 12 ವೋಲ್ಟ್ ವಿದ್ಯುತ್ತನ್ನು ಸಾವಿರಾರು ವೋಲ್ಟ್‌ಗಳಿಗೆ ಏರಿಸಿ, ಕೆಳಗಿನ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹೊತ್ತಿಸುವುದು ಅವುಗಳ ಕೆಲಸ. ಪ್ರತಿಯೊಂದನ್ನೂ ಒಂದೇ ಒಂದು ಸಣ್ಣ ಬೋಲ್ಟ್ ಹಿಡಿದಿರುತ್ತದೆ. ಎರಡನೆಯ ಕಾಯಿಲ್ ಮೇಲೆದ್ದು ಅಲ್ಲಾಡುತ್ತಿತ್ತು. ಉಸ್ತಾದ್ ಬೋಲ್ಟನ್ನು ಬೆರಳಿನಿಂದಲೇ ಎತ್ತಿದರು. ಅದರ ಸುತ್ತ ಬಿಳಿಯ ಟೇಪು, ಗಟ್ಟಿಯಾದ ಅಂಟು.

“ಚೂಡಿ ಹೋಗೈತಿ. ಯಾರೋ ಜೋರು ಮಾಡಿ ಬಿಗಿದು ಹಾಳು ಮಾಡಿ, ಮ್ಯಾಲೆ ಅಂಟು ತುಂಬ್ಯಾರ” ಎಂದರು.

ಚೂಡಿ ಎಂದರೆ ಬಳೆ. ದಖನಿ ಉರ್ದುವಿನಲ್ಲಿ ಬೋಲ್ಟಿನ ಸುತ್ತ ಇರುವ ಸುರುಳಿ ಗೆರೆಗೂ ಅದೇ ಮಾತು. ಬೋಲ್ಟು ಉಕ್ಕಿನದು, ಅದು ಕೂರುವ ಜಾಗ ಅಲ್ಯೂಮಿನಿಯಂ. ಮೆತ್ತನೆಯ ಲೋಹ. ಹೆಚ್ಚು ಬಿಗಿದರೆ ಉಕ್ಕಿಗೆ ಏನೂ ಆಗದು, ತೂತಿನೊಳಗಿನ ಚೂಡಿಗಳೇ ಕಿತ್ತು ಬರುತ್ತವೆ.

ಯಜಮಾನರ ಮುಖ ಕೆಂಪಾಯಿತು. “ನಮ್ಮೂರಿನ ಆ ಗ್ಯಾರೇಜಿನವನದೇ ಕೆಲಸ. ಎರಡು ತಿಂಗಳ ಹಿಂದೆ ಸರ್ವೀಸ್ ಮಾಡಿಸಿದ್ದೆ. ದುಡ್ಡೂ ತಗೊಂಡ, ಮೋಸವನ್ನೂ ಮಾಡಿದ!” ಎಂದು ಫೋನ್ ತೆಗೆದರು. ಒಮ್ಮೆ ಹಚ್ಚಿದರು, ಎತ್ತಲಿಲ್ಲ. “ಹರಾಮಿನ ದುಡ್ಡು ತಿನ್ನುವವನು ಯಾಕೆ ಎತ್ತುತ್ತಾನೆ?” ಎಂದರು. ಮತ್ತೆ ಹಚ್ಚಿದರು.

ಆಗ ಮಗ ಬಾಯಿ ಬಿಟ್ಟ. “ಅಬ್ಬಾ, ಅವರಲ್ಲ. ನಾನು.”

ತಿಂಗಳ ಹಿಂದೆ, ಅಪ್ಪ ಊರಲ್ಲಿಲ್ಲದಾಗ, ದುಡ್ಡು ಉಳಿಯಲಿ ಎಂದು ತಾನೇ ಪ್ಲಗ್ ಬದಲಿಸಿದ್ದನಂತೆ. ಗಟ್ಟಿಯಾಗಿ ಕೂರಲಿ ಎಂದು ಉದ್ದನೆಯ ಪಾನಾ ಹಾಕಿ ಎಳೆದಾಗ ಬೋಲ್ಟು ಸುಮ್ಮನೆ ತಿರುಗಿತಂತೆ. ಹೆದರಿ, ಟೇಪು ಸುತ್ತಿ, ಅಂಟು ತುಂಬಿ ಸುಮ್ಮನಾಗಿದ್ದ. ಎಂಜಿನ್ನಿನ ಬಿಸಿಗೂ ರಸ್ತೆಯ ಕುಲುಕಾಟಕ್ಕೂ ಆ ಅಂಟು ಬಿಟ್ಟುಕೊಂಡಿತ್ತು.

ಯಜಮಾನರು ಕೈ ಎತ್ತಿದರು. ಉಸ್ತಾದ್ ಮೆಲ್ಲನೆ ನಡುವೆ ಬಂದರು. “ಸಾಹೇಬ್ರ, ಚೂಡಿ ಹೋದದ್ದನ್ನ ನಾ ಸರಿ ಮಾಡ್ತೀನಿ. ಖರೇ ಹೇಳಿದ ಹುಡುಗನ್ನ ಹೊಡೆದ್ರ, ಮುಂದ ಅವ ಖರೇ ಹೇಳಂಗಿಲ್ಲ. ಅದನ್ನ ಸರಿ ಮಾಡೋದು ನನ್ನ ಕೈಲಿ ಆಗಂಗಿಲ್ಲ.”

ಯಜಮಾನರ ಕೈ ಕೆಳಗಿಳಿಯಿತು. ಆದರೂ, “ಸದ್ಯಕ್ಕೆ ತಂತಿ ಕಟ್ಟಿಕೊಡಿ, ಸಿಂಧನೂರು ತಲುಪುತ್ತೇವೆ” ಎಂದರು. ಉಸ್ತಾದ್ ಒಪ್ಪಲಿಲ್ಲ. ಕಿಡಿ ಸರಿಯಾಗಿ ಹೊತ್ತದಿದ್ದರೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆ ಶುದ್ಧ ಮಾಡುವ ಭಾಗವೇ ಕೆಡುತ್ತದೆ. ಅದರ ಬೆಲೆ ಬಹಳ. ದಪ್ಪ ಬೋಲ್ಟು ಹಾಕಲು ಕಾಯಿಲ್‌ನ ತೂತೇ ಬಿಡದು. ತೂತು ದೊಡ್ಡದು ಮಾಡಿದರೆ ಸುತ್ತಲಿನ ತೆಳು ಲೋಹ ಬಿರುಕು ಬಿಡುತ್ತದೆ. ಸರಿಯಾದ ದಾರಿ ಒಂದೇ, ಹೊಸ ಚೂಡಿ ಕೂರಿಸುವುದು. ಅದಕ್ಕೆ ಬೇಕಾದ 6 ಎಂಎಂ ಸ್ಪ್ರಿಂಗ್ ಅವರಲ್ಲಿ ಮುಗಿದಿತ್ತು. ಬಳ್ಳಾರಿಗೆ ಫೋನ್ ಮಾಡಿ, ಬಸ್ಸಿನಲ್ಲಿ ಬರುತ್ತಿದ್ದ ಪರಿಚಿತರ ಕೈಯಲ್ಲಿ ತರಿಸಿದರು.

ಅಲ್ಲಿಯವರೆಗೆ ಅತ್ತೆಯನ್ನೂ ನನ್ನನ್ನೂ ಗ್ಯಾರೇಜಿನ ಹಿಂದಿನ ಮನೆಗೆ ಕರೆದೊಯ್ದರು. “ಬರ್ರಿ ಆಪಾ, ಕುಂದರ್ರಿ” ಎಂದು ಅವರ ಪತ್ನಿ ಚಾಪೆ ಹಾಸಿದರು. ಝುಹರ್ ನಮಾಝ್ ಮಾಡಿದೆವು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಹೊಸ ಅಕ್ಕಿಯ ಅನ್ನ ಬಂದವು. ಅತ್ತೆಯವರಿಗೆ ಹಲ್ಲಿಲ್ಲವೆಂದು ಕಂಡು, ಕೇಳದೆಯೇ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರು.

2009ರ ಅಕ್ಟೋಬರ್ ನೆರೆಯ ಮಾತು ಬಂತು. ಗ್ಯಾರೇಜಿನೊಳಗೆ ಸೊಂಟದವರೆಗೆ ನೀರಿತ್ತಂತೆ. ನೀರಿಳಿದ ಮೇಲೆ ಕೆಸರಿನಿಂದ ಪಾನಾಗಳನ್ನು ಹೆಕ್ಕಿ, ಒಂದೊಂದನ್ನೂ ತಾನೇ ತೊಳೆದು ಎಣ್ಣೆ ಹಚ್ಚಿದೆ ಎಂದು ಆ ತಾಯಿ ಹೇಳಿದರು. “ಅವರ ಪಾನಾ ಎಷ್ಟು ನಂಬರಿಂದು ಅಂತ ನಂಗೂ ಗೊತ್ತೈತಿ” ಎಂದು ನಕ್ಕರು.

ಎರಡು ಗಂಟೆಯ ನಂತರ ಸಾಮಾನು ಬಂತು. ಉಸ್ತಾದ್ ಮಗನನ್ನು ಕರೆದರು. “ಬಾ ಬೇಟಾ, ನೀ ಹಾಳು ಮಾಡಿದ್ದು ನೀನ ಸರಿ ಮಾಡು.”

ನಾನೂ ಹೋಗಿ ನಿಂತೆ. ಮೊದಲು ಕಾಯಿಲ್ ತೆಗೆದು, ಪ್ಲಗ್ ಇರುವ ಗುಂಡಿಗೆ ಬಟ್ಟೆ ತುರುಕಿಸಿದರು. ಲೋಹದ ಪುಡಿ ಅಲ್ಲಿ ಬಿದ್ದು, ಮುಂದೊಮ್ಮೆ ಪ್ಲಗ್ ಬಿಚ್ಚಿದಾಗ ಎಂಜಿನ್ನಿನೊಳಗೆ ಇಳಿಯಬಾರದಲ್ಲ. ಹಳೆಯ ತೂತನ್ನು ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು, 6.3 ಎಂಎಂವರೆಗೆ ಹಿಗ್ಗಿಸಿದರು. ಇದನ್ನು ಉಸ್ತಾದ್ ತಾವೇ ಮಾಡಿದರು. ನಂತರ ಚೂಡಿ ಕೊರೆಯುವ ಟ್ಯಾಪ್‌ಗೆ ಗ್ರೀಸ್ ಬಳಿದು ಮಗನ ಕೈಗಿತ್ತರು. ಪುಡಿ ಗ್ರೀಸಿಗೆ ಅಂಟಿಕೊಳ್ಳುತ್ತದೆ.

“ಅರ್ಧ ಸುತ್ತು ಮುಂದ, ಕಾಲು ಸುತ್ತು ಹಿಂದ. ನೆಟ್ಟಗೆ ಹೋಗಲಿ. ತಡೀತು ಅಂದ್ರ ಜೋರು ಮಾಡಬ್ಯಾಡ, ಹಿಂದಕ್ಕ ಬಾ.”

ಪುಡಿಯನ್ನೆಲ್ಲ ಒರೆಸಿ, ತಂತಿಯ ಆ ಪುಟ್ಟ ಸುರುಳಿಯನ್ನು ತಿರುಗಿಸಿ ಇಳಿಸಿದರು. ಒಂದರ ಮೇಲೊಂದು ಏರಿಸಿದ ಉಕ್ಕಿನ ಬಳೆಗಳಂತೆಯೇ ಇತ್ತದು. ಮೇಲ್ಮೈಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿ, ತುದಿಯ ಅಡ್ಡ ತುಂಡನ್ನು ಮುರಿದು ಚಿಮಟದಿಂದ ಹೊರತೆಗೆದರು. ಈಗ ಬೋಲ್ಟಿನ ಉಕ್ಕಿಗೆ ಉಕ್ಕಿನ ಚೂಡಿಯೇ ಜೊತೆ. ಮೊದಲಿಗಿಂತ ಗಟ್ಟಿ.

ಅಷ್ಟರಲ್ಲಿ ಯಜಮಾನರ ಫೋನ್ ಮೊಳಗಿತು. ನಮ್ಮೂರಿನ ಗ್ಯಾರೇಜಿನಿಂದ. “ಎರಡು ಸಲ ಫೋನ್ ಮಾಡಿದ್ದಿರಲ್ಲ ಸಾರ್, ನಮಾಝ್‌ಗೆ ಹೋಗಿದ್ದೆ. ಗಾಡಿ ಆರಾಮಾಗಿ ಓಡ್ತಿದೆಯಾ?” ಎಂಬ ದನಿ ನನಗೂ ಕೇಳಿಸಿತು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆರಾಮಾಗಿದೆ. ಊರಿಗೆ ಬಂದ ಮೇಲೆ ನಿಮ್ಮ ಹತ್ತಿರ ಒಂದು ಮಾತು ಹೇಳುವುದಿದೆ” ಎಂದಷ್ಟೇ ಹೇಳಿ ಫೋನ್ ಇಟ್ಟರು. ಇವರು ಕಣ್ಣೊರೆಸಿಕೊಂಡಂತೆ ಕಂಡಿತು. ನಿರಪರಾಧಿಯ ಮೇಲೆ ಆರೋಪ ಹೊರಿಸುವುದು ಎಂತಹ ದೊಡ್ಡ ಪಾಪವೆಂದು ನಾವೆಲ್ಲ ಪ್ರವಚನಗಳಲ್ಲಿ ಕೇಳಿದವರೇ. ಮಗ ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ, ಅಥವಾ ಆ ಕರೆ ಮೊದಲೇ ತಾಗಿದ್ದರೆ?

ಕೊನೆಯದಾಗಿ ಬೋಲ್ಟು ಹಾಕುವ ಕ್ರಮ ಕಲಿಸಿದರು. ಮೊದಲು ಬೆರಳಿನಿಂದ ಹಿಂದಕ್ಕೆ ತಿರುಗಿಸಬೇಕು. ‘ಟಕ್’ ಎಂದು ಚೂಡಿ ಚೂಡಿಗೆ ಕೂತಾಗ ಮುಂದಕ್ಕೆ. ಬೆರಳಿನಿಂದ ಹೋಗುವಷ್ಟು ಹೋದ ಮೇಲೆಯೇ ಪಾನಾ. ಇಂತಹ ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕು. ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಬೇಡ.

ಎಂಜಿನ್ ಶುರುವಾಯಿತು. ನಡುಕವಿಲ್ಲ, ಜಗ್ಗಾಟವಿಲ್ಲ. ಅಲ್‌ಹಮ್ದುಲಿಲ್ಲಾಹ್! ಊಟದ ಮಾತೆತ್ತಿದಾಗ ಉಸ್ತಾದ್ ಕಿವಿ ಮುಚ್ಚಿಕೊಂಡರು. ಕೆಲಸದ ಕೂಲಿಯನ್ನಷ್ಟೇ ಪಡೆದರು. ಅಸ್ರ್ ಮುಗಿಸಿ ಹೊರಟು ತುಂಗಭದ್ರೆಯ ಸೇತುವೆ ದಾಟುವಾಗ ಹೊತ್ತು ಇಳಿಯುತ್ತಿತ್ತು. ಮಗ ಅಜ್ಜಿಯೊಂದಿಗೆ ಮತ್ತೆ ಹರಟತೊಡಗಿದ್ದ.

ಊರಿಗೆ ಮರಳಿದ ಮರುದಿನವೇ ಯಜಮಾನರು ಆ ಗ್ಯಾರೇಜಿಗೆ ಹೋದರು. ಮಗನೂ ಜೊತೆಗಿದ್ದ. ಆಡಿದ ಮಾತನ್ನು ಹೇಳಿ ಕ್ಷಮೆ ಕೇಳಿ ಬಂದರಂತೆ.

ಸಹೋದರಿಯರೇ, ಕುಕ್ಕರ್ ಹಿಡಿಯ ತಿರುಪು ಸಡಿಲಾದಾಗ ನಾವೂ ಹಲ್ಲು ಕಚ್ಚಿ ಬಿಗಿಯುತ್ತೇವೆ. ಒಂದು ದಿನ ಅದು ಸುಮ್ಮನೆ ತಿರುಗತೊಡಗುತ್ತದೆ. ಮಕ್ಕಳ ವಿಷಯದಲ್ಲೂ ಹಾಗೆಯೇ ಅಲ್ಲವೇ? ನನ್ನ ಮಗ ಒಂದು ತಿಂಗಳು ಆ ತಪ್ಪನ್ನು ಬಚ್ಚಿಟ್ಟದ್ದು ತಪ್ಪಿನ ಭಯದಿಂದಲ್ಲ, ನಮ್ಮ ಭಯದಿಂದ. ಈಗ ಮನೆಯಲ್ಲಿ ಏನಾದರೂ ಒಡೆದರೆ, ಮುರಿದರೆ, “ಯಾರು ಮಾಡಿದ್ದು?” ಎಂದು ಗದರುವ ಮೊದಲು ಆ ತಗಡಿನ ಗ್ಯಾರೇಜು ನೆನಪಾಗುತ್ತದೆ. ದನಿ ತಾನಾಗಿಯೇ ತಗ್ಗುತ್ತದೆ.