ಗೇರಿಲ್ಲದ ಕಾರು ಘಟ್ಟವಿಳಿಯುವಾಗ

ಕೊಡಗಿಗೆ ರೈಲಿಲ್ಲ. ಮೈಸೂರಿನಿಂದ ಹೊರಟ ಕಾರು ಹುಣಸೂರು, ಪಿರಿಯಾಪಟ್ಟಣಗಳನ್ನು ಹಿಂದಿಕ್ಕಿ, ಕುಶಾಲನಗರದ ಬಳಿ ಕಾವೇರಿಯನ್ನು ದಾಟಿ, ಆನೆಕಾಡಿನ ನೆರಳನ್ನು ಹೊಕ್ಕೊಡನೆ ಏರು ಮೊದಲಾಗುತ್ತದೆ. ಸುಂಟಿಕೊಪ್ಪ ಕಳೆದ ಮೇಲೆ ಇಕ್ಕೆಲಗಳಲ್ಲಿಯೂ ಕಾಫಿಯ ತೋಟ. ಮರಮರಕ್ಕೂ ಹಬ್ಬಿದ ಮೆಣಸಿನ ಬಳ್ಳಿ. ಆದರೆ ಚಾಲಕನಿಗೆ ಈ ಸೊಬಗು ಕಾಣುವುದು ಕಡಮೆ. ಮೂರರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗೇರು ಬದಲಿಸುತ್ತ ಅವನ ಎಡಗೈ, ಎಡಗಾಲುಗಳು ಮಡಿಕೇರಿ ಮುಟ್ಟುವಷ್ಟರಲ್ಲಿ ಸೋತಿರುತ್ತವೆ.

ಸಿ.ವಿ.ಟಿ. ಎಂಬ ಏರ್ಪಾಡುಳ್ಳ ಕಾರಿನಲ್ಲಿ ಈ ಶ್ರಮವಿಲ್ಲ. ಅದರಲ್ಲಿ ಗೇರುಗಳ ಮೆಟ್ಟಿಲುಗಳಿಲ್ಲ; ಎರಡು ರಾಟೆಗಳು, ಅವನ್ನು ಬಳಸಿದ ಒಂದು ಉಕ್ಕಿನ ಪಟ್ಟಿ. ಪ್ರತಿ ರಾಟೆಯೂ ಎದುರುಬದುರಾಗಿ ನಿಂತ ಎರಡು ಇಳಿಜಾರು ತಟ್ಟೆಗಳಿಂದಾದುದು. ತಟ್ಟೆಗಳು ಹತ್ತಿರ ಸರಿದರೆ ಪಟ್ಟಿ ಅಂಚಿಗೇರುತ್ತದೆ, ದೂರ ಸರಿದರೆ ನಡುವಿಗಿಳಿಯುತ್ತದೆ. ಒಂದು ರಾಟೆ ಹಿಗ್ಗಿದಂತೆ ಇನ್ನೊಂದು ಕುಗ್ಗುವುದರಿಂದ, ಎಂಜಿನ್ನಿಗೂ ಗಾಲಿಗಳಿಗೂ ನಡುವಣ ವೇಗದ ಪ್ರಮಾಣವು ಎಲ್ಲಿಯೂ ತಡೆಯಿಲ್ಲದೆ ಬದಲಾಗುತ್ತ ಹೋಗುತ್ತದೆ. ಹಾಲೆಂಡಿನ ಡಾಫ್ ಕಂಪೆನಿಯು 1958ರಲ್ಲಿಯೇ ರಬ್ಬರಿನ ಪಟ್ಟಿಯಿಂದ ಓಡುವ ಇಂಥ ಪುಟ್ಟ ಕಾರನ್ನು ಮಾಡಿ ತೋರಿಸಿತು. ಅದು ಮುಂದಕ್ಕೆ ಓಡುವಷ್ಟೇ ವೇಗದಲ್ಲಿ ಹಿಂದಕ್ಕೂ ಓಡಬಲ್ಲದಾಗಿತ್ತೆಂಬುದು ಮಕ್ಕಳಿಗೆ ಹೇಳಿ ನಗಿಸಬಹುದಾದ ಸಂಗತಿ. ಅಷ್ಟು ದೂರವೇಕೆ? ಮಡಿಕೇರಿಯ ಏರುಬೀದಿಗಳಲ್ಲಿ ತರಕಾರಿ ಚೀಲ ಹೊತ್ತು ಹತ್ತುವ ಗೇರಿಲ್ಲದ ಸ್ಕೂಟರುಗಳ ಹೊಟ್ಟೆಯಲ್ಲಿರುವುದೂ ಇದೇ ಯುಕ್ತಿ.

ಏರಿನಲ್ಲಿ ಈ ಕಾರಿನ ದನಿ ವಿಚಿತ್ರ. ಎಂಜಿನ್ನು ಒಂದೇ ಶ್ರುತಿಯಲ್ಲಿ ಮೊರೆಯುತ್ತಿರುತ್ತದೆ. ವೇಗ ಮಾತ್ರ ಮೆಲ್ಲಗೆ ಕೂಡಿಕೊಳ್ಳುತ್ತದೆ. ಕಿವಿಗೆ ಒಗ್ಗುವವರೆಗೆ ತುಸು ಬೇಸರವೇ.

ನಿಜವಾದ ಪರೀಕ್ಷೆಯಿರುವುದು ಮಡಿಕೇರಿಯಿಂದಾಚೆ, ಮಂಗಳೂರಿನ ದಿಕ್ಕಿಗೆ ಇಳಿಯುವ ಸಂಪಾಜೆ ಘಟ್ಟದಲ್ಲಿ. 2018ರ ಆಗಸ್ಟಿನ ಮಳೆಗೆ ಗುಡ್ಡಗಳೇ ಕುಸಿದು ವಾರಗಟ್ಟಲೆ ಮುಚ್ಚಿದ್ದ ಹಾದಿಯದು. ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂಬುದು ಘಟ್ಟದ ಚಾಲಕರ ಹಳೆಯ ನಿಯಮ; ಆಗ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಗೇರೇ ಇಲ್ಲದವರು ಏನು ಮಾಡಬೇಕು? ಹಿಡಿಕೆಯನ್ನು ‘ಡಿ’ಯಲ್ಲಿಯೇ ಬಿಟ್ಟರೆ ಎಷ್ಟೋ ಕಾರುಗಳಲ್ಲಿ ಎಂಜಿನ್ನು ನಿಧಾನವಾಗಿ ತಿರುಗುತ್ತ, ಕಾರು ಸರಾಗವಾಗಿ ಜಾರತೊಡಗುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ. ತಿರುವು ತಿರುವಿಗೂ ಒತ್ತಿದ ಬ್ರೇಕು ಕಾದು ಹಿಡಿತವನ್ನೇ ಕಳೆದುಕೊಳ್ಳಬಹುದು. ಇದಕ್ಕೆಂದೇ ‘ಎಲ್’ ಅಥವಾ ‘ಎಸ್’ ಎಂಬ ಇನ್ನೊಂದು ಸ್ಥಾನವನ್ನು ಇಟ್ಟಿರುತ್ತಾರೆ. ಹಿಡಿಕೆ ಅಲ್ಲಿಗೆ ಸರಿದೊಡನೆ ರಾಟೆಗಳು ಏರಿನ ಪ್ರಮಾಣದತ್ತ ಮರಳಿ, ಎಂಜಿನ್ನು ದನಿಯೇರಿಸಿ ಓಟವನ್ನು ತಡೆಯುತ್ತದೆ. ಬಯಲುನಾಡಿನಿಂದ ಬಂದ ಎಷ್ಟೋ ಮಂದಿ ಆ ಅಕ್ಷರವನ್ನು ಅಲಂಕಾರವೆಂದೇ ತಿಳಿದಿರುತ್ತಾರೆ!

ಮದೆನಾಡು, ಜೋಡುಪಾಲಗಳ ತಿರುವುಗಳನ್ನು ಹೀಗೆ ಗೊಣಗುತ್ತ ಇಳಿದ ಕಾರು ಸಂಪಾಜೆ ಸೇರುವ ಹೊತ್ತಿಗೆ ಚಳಿ ಬಿಟ್ಟಿರುತ್ತದೆ. ಕಾಫಿಯ ತೋಟ ಹಿಂದುಳಿದು ಅಡಕೆಯ ತೋಟ ಎದುರಾಗುತ್ತದೆ. ತಗ್ಗಿನಲ್ಲಿ ಪಯಸ್ವಿನಿ ಹರಿಯುತ್ತಿರುತ್ತದೆ.