ಚಿಗರಿಯೂ ಬೇಲಿಯೂ

ನಮ್ಮ ರಾಣೆಬೆನ್ನೂರಿನ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತಾರೆ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನನ್ನ ಮೊಮ್ಮಗನಿಗೆ ಅದು ‘ಕೃಷ್ಣಜಿಂಕ’. ಪ್ರಾಣಿ ಒಂದೇ, ಆದರೆ ಎರಡು ಊರಿನಲ್ಲಿ ಅದರ ಬಾಳು ಮಾತ್ರ ಎರಡು ಬಗೆ.

ವಿಜಯವಾಡದ ರಸ್ತೆಯಲ್ಲಿ, ವನಸ್ಥಲಿಪುರದ ಬಳಿ, ಮಹಾವೀರ ಹರಿಣ ವನಸ್ಥಲಿ ಇದೆ. ಹಿಂದೆ ಅದು ನಿಜಾಮರ ಬೇಟೆಯ ನೆಲ. ಮಹಾವೀರರ ನಿರ್ವಾಣದ 2500ನೆಯ ವರ್ಷದ ನೆನಪಿಗಾಗಿ 1975ರಲ್ಲಿ ಈ ಹೆಸರು ಬಂತು. 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬೇಟೆಯಾಡಿದ ನೆಲಕ್ಕೆ ಅಹಿಂಸೆಯನ್ನು ಬೋಧಿಸಿದವರ ಹೆಸರಿಟ್ಟದ್ದು ಒಳ್ಳೆಯದೇ ಆಯಿತು. ಸುಮಾರು 14.5 ಚದರ ಕಿಲೋಮೀಟರು ಜಾಗ, ಸುತ್ತ ಬೇಲಿ. ಬೇಲಿಯಾಚೆ ಮನೆಗಳು, ಲಾರಿಗಳು. ಗಂಟೆಗೆ 80 ಕಿಲೋಮೀಟರು ಓಡಬಲ್ಲ ಪ್ರಾಣಿಗೆ ಅದು ಎಷ್ಟರ ಅಂಗಳ! ಬಂಡೀಪುರದಲ್ಲಿ ಹಿಂಡುಹಿಂಡಾಗಿ ತಿರುಗುವ ಕಾಟಿಯನ್ನೂ ಇಲ್ಲಿಯ ಮಕ್ಕಳು ನೆಹರೂ ಮೃಗಾಲಯದಲ್ಲೇ ನೋಡಬೇಕು.

ಹಾಗೆಂದು ಬಯಲಿನ ಬಾಳೆಲ್ಲ ಸುಖವೆಂದುಕೊಳ್ಳಬಾರದು. ರಾಣೆಬೆನ್ನೂರಿನ ಅಭಯಾರಣ್ಯ 1974ರದು. ಚಿಗರಿಗಳಿಗೆ ಅದರ ಗಡಿ ಗೊತ್ತೇ? ರಾತ್ರಿ ಹೊಲಕ್ಕೆ ನುಗ್ಗಿ ಎಳೆಯ ಪೈರನ್ನು ಮೇಯುತ್ತಿದ್ದವು. ನಮ್ಮ ಕಾಕಾ ಬೆಳಿಗ್ಗೆ ಹೊಲ ನೋಡಿ ಬಂದು, ಉಣ್ಣದೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. “ಅವಕ್ಕೂ ಹೊಟ್ಟಿ ಐತಿ, ನನಗೂ ಐತಿ, ಸಾಲಾ ಕೊಟ್ಟಾವಗ ಏನ್ ಹೇಳ್ಲಿ?” ಎನ್ನುತ್ತಿದ್ದರು. ಆದರೂ ಕಲ್ಲು ಎತ್ತಿದವರಲ್ಲ. ಚಿಗರಿಯ ಸ್ವಾತಂತ್ರ್ಯಕ್ಕೆ ಕಂದಾಯ ಕಟ್ಟಿದವರು ಇಂಥ ರೈತರು. ಪೇಟೆಯಲ್ಲಿ ಕೂತು ಪ್ರಾಣಿದಯೆಯ ಮಾತಾಡುವಾಗ ನಾವು ಅವರನ್ನು ನೆನೆಯಬೇಕು.

“ಅಜ್ಜಿ, ಬೇಲಿ ತೆಗೆದರೆ ಇವು ನಮ್ಮೂರಿಗೆ ಹೋಗ್ತಾವೇನು?” ಎಂದು ಮೊಮ್ಮಗ ಕೇಳಿದ. “ರಸ್ತೆ ದಾಟುವುದರೊಳಗೇ ಸಾಯ್ತಾವಪ್ಪ” ಎಂದೆ. ಬೇಲಿಯಿಲ್ಲದ ನೆಲದ ಪಾಡನ್ನೂ ಈ ಊರು ಕಂಡಿದೆ. 2025ರಲ್ಲಿ ವಿಶ್ವವಿದ್ಯಾನಿಲಯದ ಮಗ್ಗುಲಿನ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಯಂತ್ರಗಳು ಮರ ಉರುಳಿಸತೊಡಗಿದವು. ಅಲ್ಲಿ ಚುಕ್ಕೆ ಜಿಂಕೆಗಳಿದ್ದವು. ವಿದ್ಯಾರ್ಥಿಗಳು ಅಡ್ಡ ನಿಂತರು; ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಕೆಲಸ ನಿಲ್ಲಿಸಿತು. ಆ ಚುಕ್ಕೆ ಜಿಂಕೆಯೇ ತೆಲಂಗಾಣದ ರಾಜ್ಯಪ್ರಾಣಿ!

ಆದ್ದರಿಂದ ವನಸ್ಥಲಿಯ ಬೇಲಿಯನ್ನು ನಾನು ಹಳಿಯಲಾರೆ. ಈಗ ಅದು ಜಿಂಕೆಯನ್ನು ಒಳಗಿಡುವುದಕ್ಕಿಂತ ನಮ್ಮನ್ನು ಹೊರಗಿಡುವುದಕ್ಕೇ ಹೆಚ್ಚು ಬೇಕಾಗಿದೆ. ಆದರೆ ಬೇಲಿಯೊಳಗಿನದೇ ಚಿಗರಿಯ ಪೂರ್ತಿ ಬಾಳೆಂದು ನಮ್ಮ ಮಕ್ಕಳು ತಿಳಿಯಬಾರದು. ರಜೆಯಲ್ಲಿ ಊರಿಗೆ ಹೋದಾಗ ಒಂದು ಬೆಳಗಿನ ಜಾವ ಅವರನ್ನು ರಾಣೆಬೆನ್ನೂರಿನ ಬಯಲಿಗೆ ಕರೆದೊಯ್ಯಿರಿ. ಹಿಂಡು ನೆಗೆದೋಡುವುದನ್ನು ನೋಡಲಿ. ಪಕ್ಕದ ಹೊಲದ ರೈತನ ಮಾತನ್ನೂ ಕೇಳಲಿ.