ಅಪ್ಪ ಹೇಳಿದ್ದೇ ಸರಿಯಾಗಿತ್ತು

"ಬೆಳಿಗ್ಗೆ ಚೆನ್ನಾಗೇ ಹೊರಡುತ್ತೆ ಕಣೋ, ಬಿಸಿಯಾದ ಮೇಲೇ ಇದರ ರಗಳೆ" ಅಂತ ಅಪ್ಪ ಫೋನಲ್ಲಿ ಹತ್ತು ಸಲ ಹೇಳಿದ್ರು. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. 2002ರ ಕಾರು, ವಯಸ್ಸಾಯ್ತು, ಮಾರಿಬಿಡಿ ಅಂದುಬಿಟ್ಟೆ. ಗ್ಯಾರೇಜಿನವನು ಇಸಿಯು ಹೋಗಿದೆ, ಬದಲಾಯಿಸಬೇಕು ಅಂದಿದ್ದ. ಅಪ್ಪನ ಒಂದು ತಿಂಗಳ ಪೆನ್ಷನ್ ಪೂರ್ತಿ ಅದಕ್ಕೇ ಬೇಕಿತ್ತು.

ಕಳೆದ ಮಳೆಗಾಲದಲ್ಲಿ ಸಾಗರಕ್ಕೆ ಹೋದಾಗ ನಾನೇ ನೋಡಿದೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ... ಆದ್ರೆ ಚೆಕ್ ಇಂಜಿನ್ ದೀಪ ಮಾತ್ರ ಹತ್ತಿರಲಿಲ್ಲ!

ಇಸಿಯುಗೆ ಸ್ವಂತ ಕಣ್ಣಿಲ್ಲ ನೋಡಿ. ವೈರುಗಳು ಹೇಳಿದ್ದನ್ನೇ ಅದು ನಂಬಬೇಕು. ಇಂಜಿನ್ ಎಷ್ಟು ಬಿಸಿ ಅಂತ ಹೇಳೋ ಸೆನ್ಸರ್‌ಗೆ ಎರಡು ವೈರು, ಒಂದು ಸಿಗ್ನಲ್, ಇನ್ನೊಂದು ಅರ್ತ್. ಸೆನ್ಸರಿನ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80 ಡಿಗ್ರಿಗೆ ಬಂದಾಗ ಸುಮಾರು 300. ಓಮ್ ಜಾಸ್ತಿ ಕಂಡಷ್ಟೂ ಇಂಜಿನ್ ತಣ್ಣಗಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತೆ.

ಸೆನ್ಸರ್ ಅಳೆದೆ, ಸರಿಯಿತ್ತು. ಆಮೇಲೆ ಬ್ಯಾಟರಿ ಕಳಚಿ, ಎರಡೂ ಕಡೆ ಕನೆಕ್ಟರ್ ಬಿಚ್ಚಿ, ವೈರುಗಳನ್ನ ತುದಿಯಿಂದ ತುದಿಗೆ ಮಲ್ಟಿಮೀಟರ್ ಹಿಡಿದು ನೋಡಿದೆ. 1 ಓಮ್ ಕೂಡ ಇರಬಾರದ ಅರ್ತ್ ವೈರಿನಲ್ಲಿ 700 ಓಮ್! ದಾರಿಯ ಮಧ್ಯದ ಕನೆಕ್ಟರ್ ಒಳಗೆ ನೀರು ಇಳಿದು ಪಿನ್ನು ಹಸಿರು ಕಿಲುಬು ಹಿಡಿದಿತ್ತು.

ಈಗ ಲೆಕ್ಕ ಹಾಕಿ. ಬೆಳಿಗ್ಗೆ 2500ಕ್ಕೆ 700 ಸೇರಿದರೆ 3200, ಇಸಿಯುಗೆ ಚಳಿ ಸ್ವಲ್ಪ ಜಾಸ್ತಿ ಅನ್ನಿಸುತ್ತೆ, ಅಷ್ಟೇ. ಬಿಸಿಯಾದಾಗ 300ಕ್ಕೆ 700 ಸೇರಿದರೆ 1000. 80 ಡಿಗ್ರಿ ಇಂಜಿನ್ ಅದಕ್ಕೆ ಸುಮಾರು 45 ಡಿಗ್ರಿಯಾಗಿ ಕಾಣುತ್ತೆ! 45 ಅನ್ನೋದು ಇರಬಹುದಾದ ಸಂಖ್ಯೆಯೇ, ಹಾಗಾಗಿ ದೀಪವೂ ಹತ್ತಲಿಲ್ಲ. ಅಪ್ಪ ಹೇಳಿದ್ದು ಅಕ್ಷರಶಃ ಇದನ್ನೇ.

ಪಿನ್ನು ಬದಲಾಯಿಸಿದ್ದಕ್ಕೆ ಖರ್ಚು ಎರಡು ಕಾಫಿಯಷ್ಟು. ಹಳೇ ಕಾರಿಟ್ಟವರು ಇಸಿಯುಗೆ ದುಡ್ಡು ಸುರಿಯೋ ಮುಂಚೆ ಅದೇ ಮಾಡೆಲಿನ ವೈರಿಂಗ್ ನಕ್ಷೆ ಹುಡುಕಿ, ವೈರು ಅಳೆದು ನೋಡಿ. ಬಣ್ಣ ಒಂದನ್ನೇ ನಂಬಬೇಡಿ, ಇಷ್ಟು ವರ್ಷದಲ್ಲಿ ಯಾರ್ಯಾರು ಏನೇನು ಜೋಡಿಸಿರ್ತಾರೋ! ಮುಖ್ಯವಾಗಿ, ದಿನಾ ಓಡಿಸೋರ ಮಾತು ಕೇಳಿ.

ನಾನು ಬಾನೆಟ್ ಒಳಗೆ ತಲೆ ಹಾಕಿದ್ದಷ್ಟು ಹೊತ್ತೂ ಅಪ್ಪ ಕೊಡೆ ಹಿಡಿದು ನಿಂತಿದ್ರು. ನಾನು ಹೇಳಿರಲಿಲ್ವಾ ಅಂತ ಒಂದು ಮಾತೂ ಆಡಲಿಲ್ಲ.